ಬಚ್ಚ ಗೋಡೆ ಒಣಗಿಸಿದ್ದು

ಹೊಳೆ ಸಮುದ್ರಕ್ಕೆ ಸೇರುವ ಕಡೆ ಒಂದು ಕುದ್ರು. ಸುತ್ತ ನೀರು, ನಡುವೆ ಮೂಕಾಂಬುವಿನ ಮನೆ. ಗಂಡ ಸಾಯುವ ಮೊದಲು ತನ್ನ ಹಳೇ ದೋಣಿ ಒಡೆದು, ಅದರ ಹಲಗೆಯಲ್ಲೇ ನಾಲ್ಕೂ ಗೋಡೆ ಕಟ್ಟಿಕೊಟ್ಟಿದ್ದ. ಗೋಡೆ ಬಿಟ್ಟು ಹೋದ, ಮಗನನ್ನೂ ಬಿಟ್ಟು ಹೋದ. ಗೋಡೆಯನ್ನಾದರೂ ರಿಪೇರಿ ಮಾಡಬಹುದು. ಬಚ್ಚನನ್ನು?

ಆ ವರ್ಷ ಪಡುವಣ ಗೋಡೆಗೆ ತೇವ ಹತ್ತಿ ಹಲಗೆ ಕೊಳೆತು ಕುಂಬಾಯಿತು. ಆ ಥಂಡಿಗೆ ಮೂಕಾಂಬುಗೆ ಬಿಡದ ಕೆಮ್ಮು. ಮಳೆಗಾಲಕ್ಕೆ ಎಂಟೇ ದಿನ. ಮೀನುಬುಟ್ಟಿ ಹೊತ್ತು ಹೊರಡುವಾಗ ಹೇಳಿದಳು: "ಮಗಾ, ಬೆರಳಲ್ಲಿ ಒತ್ತಿ ನೋಡು. ಮೆತ್ತಗಿದ್ದದ್ದೆಲ್ಲ ಕುಂಬು. ಕಿತ್ತು ಹೊಳೆಗೆ ಎಸೆ."

"ಆಯ್ತು ಅಬ್ಬಿ!"

ಸಂಜೆ ಬಂದು ನೋಡಿದರೆ ಗೋಡೆ ಇದ್ದ ಹಾಗೇ ಇದೆ. ಹಾಸಿಗೆ ಇಲ್ಲ! ದಿಂಬು ಇಲ್ಲ! ಬೇಯಿಸಿಟ್ಟ ಕಡುಬೂ ಇಲ್ಲ!

"ಎಲ್ಲ ಮೆತ್ತಗಿತ್ತು ಅಬ್ಬಿ. ಗೋಡೆ ಹತ್ರ ಬರುವಷ್ಟರಲ್ಲಿ ಬೆರಳು ನೋಯ್ತು."

"ಅಯ್ಯೋ ಮಂಕೇ! ಮರ ನೋಡ್ಬೇಕು, ಮರ! ತಟ್ಟಿ ನೋಡು. ಟೊಳ್ಳು ಸದ್ದು ಬಂದ್ರೆ ಒಡೆದು ತೆಗಿ."

"ಆಯ್ತು ಅಬ್ಬಿ!"

ಮರುದಿನ ಬಚ್ಚ ತಟ್ಟಿದ. ಅಕ್ಕಿ ಪೆಟ್ಟಿಗೆ ತಟ್ಟಿದ. ಅಕ್ಕಿ ತಳದಲ್ಲಷ್ಟೇ ಇತ್ತು. ಡಬ್, ಡಬ್! ಟೊಳ್ಳು! ಕೊಡಲಿ ತಂದ. ಸಂಜೆ ಮೂಕಾಂಬು ಮರಳಿಗೆ ಚೆಲ್ಲಿದ ಅಕ್ಕಿ ಹೆಕ್ಕುತ್ತಾ ಕೂತಳು. ಬೈಯಲು ಹೊರಟರೆ ಕೆಮ್ಮು.

"ಗೋಡೆಯ ಹಲಗೆ ಕಣೋ! ಗೋಡೆಯದ್ದು ಬಿಟ್ಟು ಬೇರೇನೂ ಮುಟ್ಬೇಡ! ನಾಡಿದ್ದು ಆಚಾರಿ ಎಣ್ಣೆ ಹಚ್ಚಲಿಕ್ಕೆ ಬರ್ತಾನೆ. ಒದ್ದೆ ಹಲಗೆ ಎಣ್ಣೆ ಕುಡಿಯುದಿಲ್ಲ ಅಂದಿದ್ದಾನೆ. ಬಿಸಿಲಲ್ಲಿ ಒಣಗ್ಸಿಡು."

"ಆಯ್ತು ಅಬ್ಬಿ!"

ಬೆಳಿಗ್ಗೆ ಒಂದು ಹಲಗೆ ಕಿತ್ತ. ಇನ್ನೊಂದು ಕಿತ್ತ. ಪಡುವಣದ್ದು ಮುಗಿಯಿತು, ಮೂಡಣದ್ದು ಕಿತ್ತ. ಒಳ್ಳೇದೂ ಕಿತ್ತ, ಕುಂಬಾದದ್ದೂ ಕಿತ್ತ. ಕಂಬ, ಮೇಲಿನ ಮಾಡು, ಬಾಗಿಲು ಮಾತ್ರ ಉಳಿಯಿತು. ನೀರು ಇಳಿದ ಹೊತ್ತು. ಹೊಳೆಬದಿಯ ಮರಳಲ್ಲಿ ಚಂದ ಸಾಲಾಗಿ ಹರಡಿದ. ಆಮೇಲೆ ನೀರು ಏರಿತು.

ಮೂಕಾಂಬು ದೋಣಿ ಇಳಿಯುವಾಗ ಅವಳ ಗೋಡೆ ಅವಳ ಎದುರಿಗೇ ತೇಲುತ್ತಾ ಸಮುದ್ರಕ್ಕೆ ಹೊರಟಿತ್ತು.

"ಹಿಡಿಯೋ! ಎಂತಕ್ಕೆ ನೋಡ್ತಾ ಕೂತಿದ್ಯ?"

"ಗೋಡೆಯದ್ದು ಬಿಟ್ಟು ಬೇರೇನೂ ಮುಟ್ಬೇಡ ಅಂದ್ಯಲ್ಲ ಅಬ್ಬಿ. ಅದು ಈಗ ಗೋಡೆಯಲ್ಲಿಲ್ಲ, ಹೊಳೆಯಲ್ಲಿದೆ."

ಮೂಕಾಂಬು ಬುಟ್ಟಿ ಇಳಿಸಿದಳು. ಗಂಡ ಹುಟ್ಟು ಹಾಕಿ ಸವೆಸಿದ ಹಲಗೆಗಳು ಕಣ್ಣಿಗೆ ಕಾಣುವವರೆಗೂ ನಿಂತು ನೋಡಿದಳು. ಅಷ್ಟರಲ್ಲಿ ಮಳೆಗಾಲಕ್ಕೆ ಮೊದಲೇ ಮೋಡ ಕಟ್ಟಿತು.

"ಆಚಾರಿ ಹತ್ರ ನಾಲ್ಕು ತೆಂಗಿನ ಗರಿ ತಡಿಕೆಯಾದ್ರೂ ಕೇಳಿ ಬರ್ತೇನೆ. ಒಳಗಿರು ಮಗಾ. ಉಳಿದ ಅಕ್ಕಿ ಜೋಪಾನ. ಒದ್ದೆ ಆದದ್ದು ಏನೂ ಒಳಗೆ ಬರ್ಬಾರ್ದು."

"ಆಯ್ತು ಅಬ್ಬಿ!"

ಬಚ್ಚ ಬಾಗಿಲು ಹಾಕಿ ಚಿಲಕ ಜಡಿದ. ಮಳೆ ಸುರಿಯಿತು. ನಾಲ್ಕೂ ಕಡೆಯಿಂದ ಒಳಗೆ ಬಂತು. ಅಕ್ಕಿ ನೆಂದಿತು, ಬಚ್ಚ ನೆಂದ. ಚಿಲಕ ಮಾತ್ರ ಬಿಡಲಿಲ್ಲ.

ತಡಿಕೆ ಹೊತ್ತು ಮೂಕಾಂಬು ಬಂದಳು. ಬಾಗಿಲು ತಟ್ಟಿದಳು.

"ಯಾರು?"

"ನಾನೋ, ನಿನ್ನ ಅಬ್ಬಿ!"

"ಒದ್ದೆ ಆಗಿದ್ಯಾ?"

"ಪೂರ್ತಿ ಒದ್ದೆ ಮಗಾ..."

"ಹಾಗಾದ್ರೆ ಬಿಡುದಿಲ್ಲ. ಒಣಗಿ ಬಾ!"

ಬಾಗಿಲಿನ ಆಚೆಗೂ ಗೋಡೆ ಇಲ್ಲ, ಈಚೆಗೂ ಗೋಡೆ ಇಲ್ಲ. ಎರಡು ಹೆಜ್ಜೆ ಪಕ್ಕಕ್ಕಿಟ್ಟರೆ ಮನೆಯೊಳಗೆ. ಮೂಕಾಂಬುಗೆ ಅದೂ ತೋಚಲಿಲ್ಲ. ಮುಚ್ಚಿದ ಬಾಗಿಲಿಗೆ ಹಣೆ ಹಚ್ಚಿ ನಿಂತು, "ತೆಗಿಯೋ ಮಗಾ, ಚಿಲಕ ತೆಗಿಯೋ" ಅಂತ ಅಳುತ್ತಲೇ ಇದ್ದಳು.