ಹಣ್ಣಾದ ಬ್ಯಾಟರಿ

"ಗುರುಗಳೇ, ಇರುವುದನ್ನು ಇದ್ದ ಹಾಗೆ ಹೇಳಿದರೆ ಸಾಲದೆ? ಅದಕ್ಕೆ ಬಣ್ಣ ಯಾಕೆ ಕಟ್ಟಬೇಕು?" ಎಂದು ಶಿಷ್ಯ ಕೇಳಿದ.

ಗುರುಗಳು ಸೊಪ್ಪು ಸೋಸುತ್ತಿದ್ದರು. ತಲೆ ಎತ್ತಲಿಲ್ಲ. "ಯಾರ ಮೇಲೆ ಸಿಟ್ಟು ಬಂದಿದೆ? ಮೊದಲು ಅದನ್ನು ಹೇಳು" ಎಂದರು.

ಶಿಷ್ಯ ಹೇಳಿದ. ಮಠಕ್ಕೆ ಹೊಸದಾಗಿ ಸೇರಿದವನೊಬ್ಬ ಬೆಳಗಿನಿಂದ ಮೊಬೈಲು ಹಿಡಿದು ಕೂತಿದ್ದಾನೆ. ಬ್ಯಾಟರಿ ಎಷ್ಟಿದೆ ಎಂದು ತೋರಿಸುವ ಗುರುತು ಪರದೆಯ ಮೂಲೆಯಲ್ಲಿ ಇರುತ್ತದಲ್ಲ, ಅದನ್ನು ಒಮ್ಮೆ ಹೂವು ಮಾಡುತ್ತಾನೆ, ಒಮ್ಮೆ ಹಣತೆ ಮಾಡುತ್ತಾನೆ, ನೀಲಿ ಬಳಿಯುತ್ತಾನೆ, ಹಳದಿ ಬಳಿಯುತ್ತಾನೆ. ಇಷ್ಟು ಮಾಡಿದರೂ ಬ್ಯಾಟರಿ ಕೂದಲೆಳೆಯಷ್ಟೂ ಹೆಚ್ಚುವುದಿಲ್ಲ.

"ಇಪ್ಪತ್ತು ಇದ್ದರೆ ಇಪ್ಪತ್ತು, ಎಂಬತ್ತು ಇದ್ದರೆ ಎಂಬತ್ತು. ಅದಕ್ಕೊಂದು ವೇಷ ಯಾಕೆ? ಸತ್ಯಕ್ಕೆ ಅಲಂಕಾರ ಬೇಕೆ?"

"ಅಬ್ಬಬ್ಬಾ! ಇಷ್ಟು ದೊಡ್ಡ ಜ್ಞಾನಿ ನನ್ನ ಅಡುಗೆಮನೆಯಲ್ಲೇ ಓಡಾಡಿಕೊಂಡಿದ್ದಾನೆ, ನನಗೆ ಗೊತ್ತೇ ಇರಲಿಲ್ಲ" ಎಂದರು ಗುರುಗಳು. "ಕೂತುಕೋ. ಕೈ ಕಟ್ಟಿಕೊಂಡು ಕೂರಬೇಡ, ಈ ಕಡ್ಡಿ ತೆಗೆಯುತ್ತಾ ಕೇಳು."

ಶಿಷ್ಯ ಕೂತ. ಗುರುಗಳು ಕತೆ ಹೇಳಿದರು.

ಮೆಣಸಿನಕಾಯಿ ಬೆಳೆಯುವ ಸೀಮೆಯಲ್ಲಿ ಒಬ್ಬ ಮೊಬೈಲು ರಿಪೇರಿಯವನಿದ್ದ. ಹೆಸರು ಮೌಲಾಸಾಬ. ಬಸ್‌ಸ್ಟ್ಯಾಂಡಿನ ಪಕ್ಕ ಒಬ್ಬನೇ ಕೂರುವಷ್ಟು ಅಂಗಡಿ. ಬಲು ಜಾಣ. ಕೆಟ್ಟ ಮೊಬೈಲು ಕೈಗೆ ಕೊಟ್ಟರೆ ಬಿಚ್ಚುವ ಮೊದಲೇ ರೋಗ ಹೇಳುತ್ತಿದ್ದ. ತಾನು ಜಾಣ ಎಂಬುದು ಅವನಿಗೂ ಗೊತ್ತಿತ್ತು, ಅಷ್ಟೇ ಅವನಲ್ಲಿದ್ದ ದೋಷ.

ಒಂದು ದಿನ ಅವನ ಅಂಗಡಿಗೆ ಫಕೀರವ್ವ ಎಂಬ ಹೆಂಗಸು ಬಂದಳು. ಮೆಣಸಿನಕಾಯಿ ಒಣಹಾಕುವ ಕಣದಲ್ಲಿ ಒಳ್ಳೆಯದು ಕೆಟ್ಟದ್ದು ಆರಿಸುವುದು ಅವಳ ಕೆಲಸ. ನಲವತ್ತು ವರ್ಷದಿಂದ ಅದೇ ಕೆಲಸ. ಓದು ಬರಹ ಇಲ್ಲ, ಅಂಕಿಯೂ ತಿಳಿಯದು. ಅಳಿಯ ತನ್ನ ಹಳೆಯ ಮೊಬೈಲನ್ನು ಅವಳಿಗೆ ಕೊಟ್ಟಿದ್ದ. ಪರದೆಯ ಮೇಲೆ ಮಗಳ ಫೋಟೋ ಇಟ್ಟಿದ್ದ. ಅದನ್ನು ಒತ್ತಿದರೆ ಮಗಳಿಗೆ ಫೋನು ಹೋಗುತ್ತಿತ್ತು. ಬ್ಯಾಟರಿಯ ಗುರುತನ್ನೂ ಬಣ್ಣದ್ದು ಮಾಡಿಕೊಟ್ಟಿದ್ದ. ತುಂಬಿದ್ದರೆ ಹಸಿರು, ಅರ್ಧವಾದರೆ ಕಿತ್ತಳೆ, ಮುಗಿಯುತ್ತ ಬಂದರೆ ಕೆಂಪು. ಒಳ್ಳೆಯ ಹುಡುಗ, ಪಾಪ. ಅತ್ತೆಗೆ ಅಂಕಿ ಬರುವುದಿಲ್ಲ, ಬಣ್ಣವಾದರೂ ತಿಳಿಯಲಿ ಎಂದು ಮಾಡಿದ್ದ. ಕೆಂಪು ದೀಪ ಹತ್ತಿದರೆ ಗಾಡಿ ನಿಲ್ಲಿಸುವ ರಸ್ತೆಯನ್ನು ಆಕೆ ಯಾವತ್ತೂ ಕಂಡವಳಲ್ಲ ಎಂಬುದು ಅವನ ತಲೆಗೆ ಹೋಗಲಿಲ್ಲ.

"ತಮ್ಮಾ, ಇದು ಇದ್ದಕ್ಕಿದ್ದಂಗ ಸತ್ತು ಹೋಗ್ತದ. ಚಂದಂಗ ನೋಡಿ ಕೊಡು" ಎಂದಳು ಫಕೀರವ್ವ.

ಮೌಲಾಸಾಬ ಬಿಚ್ಚಿ ನೋಡಿದ. ಬ್ಯಾಟರಿ ಗಟ್ಟಿಯಾಗಿತ್ತು. ಚಾರ್ಜರೂ ಸರಿಯಿತ್ತು. "ಯವ್ವಾ, ಇದಕ್ಕ ಏನೂ ಆಗಿಲ್ಲ. ನೀ ಚಾರ್ಜಿಗೆ ಹಚ್ಚಾಂಗಿಲ್ಲ, ಅಷ್ಟ."

"ಹಚ್ತೀನೋ ಯಪ್ಪಾ, ಸತ್ತ ದಿನ ರಾತ್ರಿ ಹಚ್ಚೇ ಮಲಗ್ತೀನಿ! ಹಚ್ಚದ ಬಿಡ್ತೀನೇನು?"

ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಆದರೂ ಮೊಬೈಲು ಸಾಯುತ್ತಿತ್ತು. ಫಕೀರವ್ವ ಎದ್ದು ಹೋಗಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ಕೂತಳು.

"ಹ್ವಾದ ವರ್ಷ ನನ್ನ ಮಗಳಿಗೆ ಹೆರಿಗಿ ಬ್ಯಾನಿ ಎದ್ದಾಗ ಇದು ಸತ್ತು ಬಿದ್ದಿತ್ತು. ಒಂದ ಸವನ ಫೋನ್ ಹಚ್ಯಾಳ. ನನಗ ಗೊತ್ತಾಗಿ ನಾ ಹೋಗೂದ್ರಾಗ ಎರಡು ದಿನ ಆಗಿತ್ತು. ಕೂಸು ಉಳೀಲಿಲ್ಲ. 'ಅವ್ವಾ, ನಿನ್ನ ಕೂಗಿ ಕೂಗಿ ಸಾಕಾತು, ನೀ ಬರಲಿಲ್ಲ' ಅಂದ್ಲು. ಈಗ ಮತ್ತ ಒಂಬತ್ತು ತಿಂಗಳು ತುಂಬ್ಯಾವ. ಡಾಕ್ಟರು ಬಸ್ಸು ಹತ್ತಬ್ಯಾಡ ಅಂದಾರಂತ, ತವರಿಗೆ ಕರಕೊಂಡು ಬರಾಕ ಆಗಲಿಲ್ಲ. ನಾ ಬೀಗರ ಮನ್ಯಾಗ ಎಷ್ಟು ದಿನ ಅಂತ ಹೋಗಿ ಕೂರಲಿ? ಬ್ಯಾನಿ ಎದ್ದ ಕೂಡ್ಲೆ ಫೋನ್ ಮಾಡ, ಓಡಿ ಬರ್ತೀನಿ ಅಂದೀನಿ. ಈ ಸಲಾನೂ ಇದು ಸತ್ತರ, ನಾ ಯಾವ ಮಕ ಹೊತ್ಕೊಂಡು ಆಕಿ ಮುಂದ ನಿಂದ್ರಲಿ?"

ಮೌಲಾಸಾಬ ಮೊಬೈಲನ್ನು ಮತ್ತೆ ಕೈಗೆ ತೆಗೆದುಕೊಂಡ. ಕೂಡಲೇ ಕೆಲಸಕ್ಕೆ ಇಳಿದ. ಬ್ಯಾಟರಿ ನೂರಕ್ಕೆ ಎಷ್ಟಿದೆ ಎಂಬ ಅಂಕಿಯನ್ನು ದೊಡ್ಡದು ಮಾಡಿದ. "ನನಗ ಅಂಕಿ ಎಲ್ಲಿ ಬರಬೇಕೋ" ಎಂದಳು ಅವಳು. ಅದನ್ನು ತೆಗೆದು, ಅಳಿಯ ಹಾಕಿಕೊಟ್ಟಿದ್ದ ಬಣ್ಣಗಳನ್ನೇ ಪರದೆಯ ಈ ತುದಿಯಿಂದ ಆ ತುದಿಯವರೆಗೆ ಒಂದು ದಪ್ಪ ಪಟ್ಟಿ ಮಾಡಿದ. ಮಾರು ದೂರದಿಂದಲೂ ಕಾಣುವ ಹಾಗೆ ಮಾಡಿದ.

"ಬಣ್ಣ ನೋಡ್ಕೋತ ಇರವ್ವಾ. ಇನ್ನ ತಪ್ಪಾಂಗಿಲ್ಲ."

"ಕೆಂಪಾದಾಗ ಎಷ್ಟು ಚಂದ ಕಾಣ್ತದೋ ಏನೋ!" ಎಂದು ಹಿಗ್ಗಿ ಹೋದಳು ಫಕೀರವ್ವ. ತನ್ನ ಕೈಚಳಕವನ್ನು ಹೊಗಳಿದಳೆಂದು ಮೌಲಾಸಾಬನೂ ಹಿಗ್ಗಿದ. ನೀನು ನಗಬೇಡ. ನೀನಿದ್ದರೂ ಹಿಗ್ಗುತ್ತಿದ್ದೆ.

ಮೂರು ದಿನಕ್ಕೆ ಅವಳು ಮತ್ತೆ ಬಂದಳು. ಕೈಯಲ್ಲಿ ಸತ್ತ ಮೊಬೈಲು, ಕಣ್ಣಲ್ಲಿ ನೀರು.

ಮೌಲಾಸಾಬನಿಗೆ ರೇಗಿತು. ಹೇಳಿದ್ದನ್ನು ಕೇಳುವುದಿಲ್ಲ ಈ ಮುದುಕಿ ಎಂದು ಬಾಯಿಗೆ ಬಂತು. ಆದರೆ ಅವನು ಬೈಯಲಿಲ್ಲ. ಅಂಗಡಿಯ ಮುಂದೆ ನಾಲ್ಕು ಜನ ನಿಂತಿದ್ದರು. ಅವರಿಗೆ ಆಮೇಲೆ ಬನ್ನಿ ಎಂದ. ಮೊಬೈಲನ್ನು ಪೂರ್ತಿ ಚಾರ್ಜು ಮಾಡಿದ, ಅವಳ ಕೈಗೆ ಕೊಟ್ಟ, ಅಂಗಡಿಗೆ ಬೀಗ ಹಾಕಿದ, ಅವಳ ಹಿಂದೆಯೇ ನಡೆದ. ತನಗೆ ಗೊತ್ತಿಲ್ಲದ್ದು ಇದರಲ್ಲಿ ಏನೋ ಇದೆ, ಅದನ್ನು ನೋಡಿಬಿಡೋಣ ಎಂದು ಹೊರಟ. ಜಾಣನಾದವನು ಹೀಗೆ ಹೊರಡುವುದು ಸುಲಭವಲ್ಲ ಕಣಯ್ಯಾ. ಅವನ ಈ ನಡಿಗೆಗೆ ನಾನು ಕೈ ಮುಗಿಯುತ್ತೇನೆ.

ಕಣದಲ್ಲಿ ಹೆಂಗಸರು ಸಾಲಾಗಿ ಕೂತು ಕಾಯಿ ಆರಿಸುತ್ತಿದ್ದರು. ಫಕೀರವ್ವ ತನ್ನ ಜಾಗಕ್ಕೆ ಹೋದಳು. ಪರದೆಯ ಮೇಲಿನ ಪಟ್ಟಿ ಹಚ್ಚ ಹಸಿರಾಗಿತ್ತು. ಅವಳು ಮೊಬೈಲನ್ನು ಬಟ್ಟೆಯಲ್ಲಿ ಸುತ್ತಿ, ಆಚೆ ಗೋಡೆಯ ನೆರಳಿನಲ್ಲಿ ಜೋಪಾನವಾಗಿ ಇಟ್ಟು ಬಂದಳು. ಅಲ್ಲಿ ಅದು ಬಾಯಿ ಬಡಿದುಕೊಂಡರೂ ಇಲ್ಲಿಗೆ ಕೇಳಿಸುತ್ತಿರಲಿಲ್ಲ.

"ಯವ್ವಾ, ಅಷ್ಟು ದೂರ ಯಾಕ ಇಟ್ಟಿ? ಸೊಂಟದಾಗ ಸಿಗಿಸ್ಕೋ."

"ಇನ್ನೂ ಕಾಯಿ ಐತಲ್ಲೋ. ಹಣ್ಣಾಗಲಿ ತಡಿ."

"ಹಣ್ಣಾಗೂದಂದ್ರ?"

ಫಕೀರವ್ವ ಅವನನ್ನು ಕನಿಕರದಿಂದ ನೋಡಿದಳು. "ಕೆಂಪ ಆಗಬೇಕಲ್ಲಪ್ಪಾ. ಮೊದಲು ಹಸರ, ಆಮ್ಯಾಲ ನಡಕಿನ ಬಣ್ಣ, ಆಮ್ಯಾಲ ಕೆಂಪ. ಕೆಂಪಾತಂದ್ರ ತಯಾರಾತು. ಆವಾಗ ಸೊಂಟಕ್ಕ ಸಿಗಿಸ್ತೀನಿ. ಹಸೀದು ಇದ್ದಾಗ ಕೈ ಹಚ್ಚಿ ಕೆಡಿಸಬಾರದಂತ ಕಾಯ್ತೀನಿ. ಎಷ್ಟು ಕಾದರೂ, ಕೆಂಪಾಗಿ ಇನ್ನೇನು ಬಳಸಬೇಕು ಅನ್ನೂದ್ರಾಗ ಸಾಯ್ತದ ಹಾಳಾದ್ದು!"

ಮೌಲಾಸಾಬ ಹಣೆ ಬಡಿದುಕೊಂಡ. ತುಂಬಿದಾಗ ಅವಳು ಮೊಬೈಲನ್ನು ಮುಟ್ಟುತ್ತಿರಲಿಲ್ಲ. ಖಾಲಿಯಾಗುವ ಹೊತ್ತಿಗೆ ಸೊಂಟಕ್ಕೆ ಸಿಗಿಸುತ್ತಿದ್ದಳು. ತಾನು ಪಟ್ಟಿಯನ್ನು ದಪ್ಪ ಮಾಡಿ ಆ ತಪ್ಪನ್ನೂ ದಪ್ಪ ಮಾಡಿದ್ದೆ ಎಂದು ಅವನಿಗೆ ತಿಳಿಯಿತು.

"ಅಯ್ಯೋ ನಮ್ಮವ್ವಾ, ನೀ ತಿಳಕೊಂಡಿದ್ದು ಉಲ್ಟಾ" ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡ. ಯಾಕೆ ಗೊತ್ತೇ? ಅವಳ ಕೈ ನೋಡುತ್ತಿದ್ದ. ಕಣ್ಣು ಬೇರೆ ಕಡೆ ಇದ್ದರೂ ಆ ಕೈ ಕೆಂಪನ್ನು ಇತ್ತ ಇಡುತ್ತಿತ್ತು, ಹಸಿರನ್ನು ಅತ್ತ ಎಸೆಯುತ್ತಿತ್ತು. ಒಮ್ಮೆಯೂ ತಪ್ಪಲಿಲ್ಲ. ನಲವತ್ತು ವರ್ಷ ದುಡಿದು ಕಲಿತ ಕೈ ಅದು. ಕೆಂಪೆಂದರೆ ಸಿದ್ಧ ಎಂದು ದಿನಕ್ಕೆ ಸಾವಿರ ಸಲ ಹೇಳಿಕೊಳ್ಳುವ ಕೈಗೆ, ಇವನು ಒಂದು ಸಲ ಹೇಳಿದ ಮಾತು ಎಷ್ಟು ಹೊತ್ತು ನೆನಪಿರುತ್ತದೆ? ಮಗಳ ಫೋನು ಇವತ್ತೇ ಬಂದೀತು, ನಾಳೆಯೇ ಬಂದೀತು. ಅವಳನ್ನು ತಿದ್ದುತ್ತಾ ಕೂರಲು ಸಮಯವಿರಲಿಲ್ಲ. ತಿದ್ದುವ ಅಗತ್ಯವೂ ಇರಲಿಲ್ಲ.

ಅವನು ಅಲ್ಲೇ ಮಣ್ಣಿನಲ್ಲಿ ಕೂತು ಬಣ್ಣಗಳನ್ನು ತಿರುವಿದ. ತುಂಬಿದರೆ ಕೆಂಪು, ಖಾಲಿಯಾದರೆ ಹಸಿರು. ಗೆದ್ದೆ ಎಂದುಕೊಂಡು, ಕೆಂಪು ಹೇಗೆ ಹಸಿರಾಗುತ್ತದೆ ಎಂದು ತೋರಿಸಿದ.

ಫಕೀರವ್ವ ಕೆನ್ನೆಯ ಮೇಲೆ ಕೈ ಇಟ್ಟುಕೊಂಡಳು. "ಹಣ್ಣಾದದ್ದು ತಿರುಗಿ ಕಾಯಿ ಆಗ್ತದೇನೋ ಹುಚ್ಚಪ್ಪಾ? ಯಾವ ಸೀಮ್ಯಾಗ ನೋಡಿ ಬಂದಿ?"

ಸಾಲಿಗೆ ಸಾಲೇ ನಕ್ಕಿತು. ಬಸ್‌ಸ್ಟ್ಯಾಂಡಿನ ಜಾಣ ಅಷ್ಟು ಹೆಂಗಸರ ನಡುವೆ ಕಿವಿಯವರೆಗೆ ಕೆಂಪಾದ. ಎದ್ದು ಹೋಗಿದ್ದರೆ ಯಾರೂ ತಪ್ಪು ಅನ್ನುತ್ತಿರಲಿಲ್ಲ. ಅವನು ಏಳಲಿಲ್ಲ. ತಾನೂ ನಕ್ಕ. "ಹಂಗಾದ್ರ ಹಣ್ಣಾದ ಕಾಯಿ ಕೆಡಾಕತ್ತಿದ್ರ ಏನಾಗ್ತದವ್ವಾ? ನೀನ ಹೇಳು" ಎಂದು ಕೇಳಿದ.

ಅವಳು ಪಕ್ಕದ ಗುಡ್ಡೆಯಿಂದ ಒಂದು ಕಾಯಿ ಎತ್ತಿ ತೋರಿಸಿದಳು. ಅದರ ಬಣ್ಣ ಹೋಗಿ ಬೆಳ್ಳಗಾಗಿತ್ತು. "ಹಿಂಗ ಬಿಳಚ್ಕೋತದ. ಇದು ಕಣ್ಣಿಗೆ ಬಿದ್ದರ ನನಗ ತಡಿಯಾಕ ಆಗೂದಿಲ್ಲ. ಕೂಡ್ಲೆ ಎತ್ತಬೇಕು."

ಮೌಲಾಸಾಬ ಮತ್ತೆ ಮೊಬೈಲು ತೆಗೆದುಕೊಂಡ. ಈ ಸಲ ಎರಡು ಬಗೆಯಲ್ಲಿ ಬಣ್ಣ ಹಾಕಿದ. ವೈರಿನಲ್ಲಿ ಇದ್ದಾಗ ಹಸಿರಿನಿಂದ ಕಿತ್ತಳೆಗೆ, ಕಿತ್ತಳೆಯಿಂದ ಕೆಂಪಿಗೆ ಏರಬೇಕು. ವೈರು ಕಿತ್ತ ಮೇಲೆ ಕೆಂಪು ಸ್ವಲ್ಪ ಸ್ವಲ್ಪವೇ ಮಾಸಿ ಬಿಳಿಯಾಗಬೇಕು. ಕಣದ ತೂಕದ ಮನೆಯಲ್ಲಿ ಒಂದು ಪ್ಲಗ್ಗಿತ್ತು. ಅಲ್ಲಿ ಸಿಕ್ಕಿಸಿ, ಕಿತ್ತು, ತಾಸುಗಟ್ಟಲೆ ಹಿಡಿಯುವ ಬಣ್ಣದ ಬದಲಾವಣೆಯನ್ನು ಪರದೆಯ ಮೇಲೆ ಬೇಗ ಬೇಗ ಓಡಿಸಿ ತೋರಿಸಿದ. ಮಾತು ಆಡಲಿಲ್ಲ.

ಫಕೀರವ್ವ ನೋಡಿದಳು. ಅವಳ ಮುಖ ಅರಳಿತು. "ಹಾಂ! ಹಂಗ ಹೇಳು ಮತ್ತ! ವೈರ್ ಅಂದ್ರ ತೊಟ್ಟು. ಗಿಡದಾಗ ಇದ್ದಾಗ ಹಣ್ಣಾಗ್ತದ, ಹರಿದ ಮ್ಯಾಲ ಬಿಳಚ್ತದ. ಇಷ್ಟು ಸಸಾರ ಇದ್ದದ್ದನ್ನ ಮೊದಲ ಯಾಕ ಹೇಳಲಿಲ್ಲ ನೀನು?"

ನೋಡಿದೆಯಾ? ಪಾಠ ಹೇಳಿಕೊಟ್ಟವಳು ಅವಳು. ಮೊದಲೇ ಯಾಕೆ ಹೇಳಲಿಲ್ಲ ಎಂದು ಬೈದವಳೂ ಅವಳೇ. ಅವನು ಏನೆಂದ ಗೊತ್ತೇ? "ತಪ್ಪಾತವ್ವಾ" ಎಂದ. ಅಷ್ಟೇ ಎಂದು ಎದ್ದು ಪ್ಯಾಂಟಿನ ಮಣ್ಣು ಕೊಡವಿಕೊಂಡು ಅಂಗಡಿಗೆ ಹೋದ. ಎಂಥ ಮನುಷ್ಯ! ನನಗಾದರೆ ಆ ಹೊತ್ತಿನಲ್ಲಿ ಅಷ್ಟು ಚಿಕ್ಕ ಮಾತು ಆಡಲು ಬರುತ್ತಿರಲಿಲ್ಲ.

ಅಂದಿನಿಂದ ಮೊಬೈಲು ಅವಳ ಸೊಂಟ ಬಿಡಲಿಲ್ಲ. ಪಟ್ಟಿ ಒಂದಿಷ್ಟು ಮಾಸಿದರೂ ಅವಳಿಗೆ ಕೈ ತುರಿಸುತ್ತಿತ್ತು. ಎದ್ದು ಹೋಗಿ ಪ್ಲಗ್ಗಿಗೆ ಸಿಕ್ಕಿಸುತ್ತಿದ್ದಳು. ಅವಳು ಮರೆತರೆ ಪಕ್ಕದವರು ಬಿಡುತ್ತಿರಲಿಲ್ಲ. "ಫಕೀರವ್ವಾ, ನಿನ್ನ ಕಾಯಿ ಬಿಳಚ್ಕೊಳ್ಳಾಕತ್ತದ ನೋಡ" ಎಂದು ಕೂಗುತ್ತಿದ್ದರು.

ಒಂಬತ್ತನೆಯ ದಿನ ಮಧ್ಯಾಹ್ನ ಫೋನು ಬಂತು. ಪಟ್ಟಿ ಕೆಂಪಗಿತ್ತು. ಫಕೀರವ್ವ ಮಡಿಲಲ್ಲಿದ್ದ ಕಾಯಿಯನ್ನು ಅಲ್ಲೇ ಸುರಿದು ಓಡಿದಳು. ಮಗಳ ಊರಿಗೆ ಎರಡು ತಾಸಿನ ದಾರಿ. ಟೆಂಪೋದಲ್ಲಿ ಕೂತು ದಾರಿಯುದ್ದಕ್ಕೂ ಮಾತಾಡಿದಳು. "ಬಂದೆ ನನ್ನವ್ವಾ, ಹೊಳಿ ದಾಟಿದೆ. ಬಂದೆ, ನಿಮ್ಮೂರ ಶಾಲಿ ಕಾಣ್ತು." ಮಗಳು ಆ ಕಡೆ ನರಳುತ್ತಿದ್ದಳು, ಇವಳು ಈ ಕಡೆ ಮಾತು ಬಿಡಲಿಲ್ಲ. ಎರಡು ತಾಸು ಆ ಮೊಬೈಲು ಸಾಯಲಿಲ್ಲ.

ಹೆರಿಗೆಯ ಕೋಣೆಯ ಬಾಗಿಲಲ್ಲಿ ಮಗಳು ಅವಳನ್ನು ಕಂಡಳು. "ಬಂದ್ಯಾ ಅವ್ವಾ" ಎಂದು ಕೈ ಹಿಡಿದುಕೊಂಡಳು. ಕೂಸು ಹುಟ್ಟಿ, ಅತ್ತು, ಅದನ್ನು ಒರೆಸಿ ಪಕ್ಕಕ್ಕೆ ಮಲಗಿಸುವವರೆಗೂ ಆ ಕೈ ಬಿಡಲಿಲ್ಲ. ಹೆಣ್ಣು ಕೂಸು. ಗಟ್ಟಿಯಾಗಿತ್ತು.

ಗುರುಗಳು ಸೋಸಿದ ಸೊಪ್ಪನ್ನು ಬುಟ್ಟಿಗೆ ಹಾಕಿದರು. ಶಿಷ್ಯನ ಕೈಯಲ್ಲಿದ್ದ ಕಡ್ಡಿ ಹಾಗೇ ಇತ್ತು. ಅವನ ಕಣ್ಣು ತೇವವಾಗಿತ್ತು. ಆದರೂ ಹಟಗಾರ, ಸೋಲಲಿಲ್ಲ.

"ಕತೆ ಚೆನ್ನಾಗಿದೆ ಗುರುಗಳೇ. ಆದರೆ ಲೋಕಕ್ಕೆಲ್ಲ ಹಸಿರು ಎಂದರೆ ತುಂಬಿದೆ, ಕೆಂಪು ಎಂದರೆ ಮುಗಿಯಿತು. ಅವನು ಆ ಹೆಂಗಸಿಗೆ ತೋರಿಸಿದ್ದು ಸುಳ್ಳಲ್ಲವೆ?"

ಗುರುಗಳು ಬುಟ್ಟಿ ಎತ್ತಿಕೊಂಡು ಎದ್ದರು.

"ಹೋಗಪ್ಪಾ, ಅವ್ವನ ಕೈ ಹಿಡಿದುಕೊಂಡು ಹೆತ್ತಳಲ್ಲ, ಅವಳಿಗೆ ಅದು ಸುಳ್ಳು ಅಂತ ಹೇಳಿ ಬಾ."