ಯಾವುದೋ ಒಂದು ಕಾಲು

ಕಲ್ಲಿನಡಿ ಸಿಕ್ಕಿ ಕಾಲು ಜಜ್ಜಿಕೊಂಡ ಜರಿಯೊಂದು ಕುಂಟುತ್ತಾ ಕಾಡಿನ ಆಸ್ಪತ್ರೆಗೆ ಬಂತು. ಅಲ್ಲಿ ಗುಮಾಸ್ತನಾಗಿದ್ದ ಓತಿಕ್ಯಾತ ಗಾಯಗಳಿಗೆ ಸಂಖ್ಯೆ ಬರೆಯುತ್ತಿತ್ತು. ಒಂದೊಂದು ಕಾಲಿಗೂ ಒಂದೊಂದು ಸಂಖ್ಯೆಯಿದ್ದ ದಪ್ಪ ಪುಸ್ತಕ ಪಕ್ಕದಲ್ಲೇ ಇತ್ತು. ಅದನ್ನು ತೆರೆಯದೆ ಓತಿಕ್ಯಾತ ಚೀಟಿಯಲ್ಲಿ ಸೊನ್ನೆ ಬರೆದು ಕೊಟ್ಟಿತು.

“ಸ್ವಾಮಿ, ಯಾವ ಕಾಲೆಂದು ನೀವು ನೋಡಲೇ ಇಲ್ಲವಲ್ಲ?” ಎಂದಿತು ಜರಿ.

“ನಿನ್ನ ನಲವತ್ತೆರಡು ಕಾಲು ಎಣಿಸುತ್ತಾ ಕೂತರೆ ಈ ಸಾಲು ಕರಗುವುದು ಯಾವಾಗ? ಸೊನ್ನೆ ಎಂದರೆ ಯಾವುದೋ ಒಂದು ಕಾಲು. ಎಲ್ಲರಿಗೂ ಅದನ್ನೇ ಬರೆಯುತ್ತೇನೆ. ಯಾರೂ ತಿರುಗಿ ಬಂದು ದೂರಿಲ್ಲ. ನಡಿ, ನಡಿ!”

ಒಳಗೆ ವೈದ್ಯ ಏಡಿ ಚೀಟಿ ಓದಿತು. ಅದರ ಹಿಂದೆ ಕಡಿದ ಕಾಲುಗಳು ರಾಶಿ ಬಿದ್ದಿದ್ದವು. ಹೆಚ್ಚಿನವುಗಳ ಮೇಲೆ ಗಾಯವೇ ಇರಲಿಲ್ಲ.

“ಯಾವುದೆಂದು ಬರೆದಿಲ್ಲ. ಮೊದಲಿನಿಂದ ಕತ್ತರಿಸುತ್ತಾ ಬರುತ್ತೇನೆ,” ಎಂದಿತು ಏಡಿ.

“ಅಯ್ಯೋ, ಅದಲ್ಲ!” ಎನ್ನುವಷ್ಟರಲ್ಲಿ ಮೊದಲನೆಯ ಕಾಲು ರಾಶಿಗೆ ಬಿತ್ತು.

“ನಾನು ಚೀಟಿಯ ಮಾತು ಕೇಳುವವನು, ರೋಗಿಯ ಮಾತಲ್ಲ. ಎರಡನೆಯದನ್ನು ಚಾಚು.”

ಜರಿ ತಪ್ಪಿಸಿಕೊಂಡು ಹೊರಗೆ ಓಡಿ ಓತಿಕ್ಯಾತನ ಮುಂದೆ ಅಡ್ಡ ಮಲಗಿತು. “ಎಡಗಡೆ ಹನ್ನೊಂದನೆಯದು! ನಾನೇ ಎಣಿಸಿದ್ದೇನೆ. ನೀವು ಬರೆಯುವ ತನಕ ಏಳುವುದಿಲ್ಲ.”

“ಹಿಂದೆ ಎಷ್ಟು ಜನ ಕಾಯುತ್ತಿದ್ದಾರೆ, ಕಣ್ಣು ಕಾಣಿಸುವುದಿಲ್ಲವೇ?” ಎಂದು ಓತಿಕ್ಯಾತ ಸಿಡುಕಿತು.

ಜರಿ ತಿರುಗಿ ನೋಡಿತು. ಸಾಲಿನಲ್ಲಿದ್ದವರ ಕಣ್ಣೆಲ್ಲ ಅದರ ಕಡಿದ ಕಾಲಿನ ಮೇಲಿತ್ತು. ಈಗ ಯಾರಿಗೂ ಅವಸರವಿರಲಿಲ್ಲ. ಜೇಡ, ಮಿಡತೆ, ಜಿರಲೆ ಎಲ್ಲವೂ ತಲೆ ತಗ್ಗಿಸಿ, ತಮ್ಮ ತಮ್ಮ ಕಾಲುಗಳನ್ನು ಮೆಲ್ಲಗೆ ಎಣಿಸಿಕೊಳ್ಳತೊಡಗಿದ್ದವು.