ಒಂದು ಗಡಿಗೆ ಸುಣ್ಣದ ಮನೆ

ಮುಂದಿನಿಂದ ನೋಡಿದರೆ ಮುದುಕಿ, ಹಿಂದಿನಿಂದ ನೋಡಿದರೆ ಮದುಮಗಳು. ಏನದು?

ತಲೆ ಕೆರೆದುಕೊಳ್ಳಬೇಡಿ, ನಿಮಗೆ ಬರೋದಿಲ್ಲ. ನೆಲ್ಲಿಗಟ್ಟದ ದೊರೆ ಮಲ್ಲರಾಜನಿಗೇ ಬರಲಿಲ್ಲ. ಅದರ ಎದುರಿಗೇ ನಿಂತಿದ್ದ, ಆದರೂ ಬರಲಿಲ್ಲ.

ಮಲ್ಲರಾಜನಿಗೆ ರಾಜಬೀದಿಯಲ್ಲಿ ಒಂದು ಹಳೇ ಮನೆ ಇತ್ತು. ಹಿಂದೆ ಆಸ್ಥಾನದ ಗಾಯಕರು ಇದ್ದ ಮನೆ. ಅವರು ಬಿಟ್ಟುಹೋದ ಮೇಲೆ ಬಾವಲಿಗಳು ಬಂದು ಸಂಗೀತ ಮುಂದುವರಿಸಿದ್ದವು. ಮುಂಬಾಗಿಲ ಪಕ್ಕ ಸೊಂಡಿಲು ಮುರಿದ ಒಂದು ಕಲ್ಲಾನೆ. ಪಲ್ಲಕ್ಕಿಯಲ್ಲಿ ಆ ದಾರಿ ಹೋದಾಗಲೆಲ್ಲ ದೊರೆ ಆ ಆನೆಯನ್ನು ನೋಡಿ, ಮುಖ ಕಿವುಚಿ, ಪರದೆ ಎಳೆದುಕೊಳ್ಳುತ್ತಿದ್ದ.

ಆಸ್ಥಾನದಲ್ಲಿ ಶೇಷಪ್ಪ ಅಂತ ಒಬ್ಬ ಇದ್ದ. ಬಾಯಿ ಸುಮ್ಮನಿರುತ್ತಿರಲಿಲ್ಲ. ಒಂದು ದಿನ ಸಭೆಯಲ್ಲಿ ಅಂದುಬಿಟ್ಟ, "ತಕ್ಕ ಗಿರಾಕಿ ಸಿಕ್ಕರೆ ಎಂಥಾ ಮನೆಯನ್ನಾದರೂ ಮಾರಬಹುದು."

"ಹಾಗೋ," ಎಂದ ದೊರೆ. "ಹಾಗಾದರೆ ಆ ಗಾಯಕರ ಮನೆ ಮಾರು. ಅಮಾವಾಸ್ಯೆ ಕಳೆಯುವುದರೊಳಗೆ. ಆಗದಿದ್ದರೆ ನಿನ್ನ ಮನೆ ನನಗೆ, ಆ ಮನೆ ನಿನಗೆ."

ಶೇಷಪ್ಪನ ಮನೆ ಸಣ್ಣದು. ಆದರೆ ಮಳೆ ಬಂದರೆ ನೀರು ಹೊರಗೇ ಇರುತ್ತಿತ್ತು. ಗಾಯಕರ ಮನೆಗೆ ಆ ಗುಣ ಇರಲಿಲ್ಲ.

"ಪ್ರಭು, ಸ್ವಲ್ಪ ರಿಪೇರಿಗೆ ಏನಾದರೂ..."

"ಒಂದು ಗಡಿಗೆ ಸುಣ್ಣ ಕೊಡ್ತೀನಿ."

"ಜೊತೆಗೆ ಒಂದು ಸೌಟು ತುಪ್ಪ."

"ಮನೆಗೆ ತುಪ್ಪ ಯಾಕೋ?"

"ಸುಣ್ಣ ಕಣ್ಣಿಗೆ ಪ್ರಭು, ತುಪ್ಪ ಮೂಗಿಗೆ."

ದೊರೆಗೆ ಅರ್ಥವಾಗಲಿಲ್ಲ. ಅರ್ಥವಾಗದ್ದನ್ನು ಕೇಳಿದರೆ ದೊರೆತನಕ್ಕೆ ಕಮ್ಮಿ ಅಂತ ತುಪ್ಪ ಕೊಡಿಸಿದ.

ಶೇಷಪ್ಪನ ತಾಯಿ ಗೋದಮ್ಮ ಗಡಿಗೆ ನೋಡಿದಳು, ಮಗನನ್ನು ನೋಡಿದಳು.

"ಇಷ್ಟು ಸುಣ್ಣದಲ್ಲಿ ಆ ಮನೆ ಹಣೆಗೆ ಒಂದು ಬೊಟ್ಟು ಇಡಬಹುದು ಕಣೋ, ಅಷ್ಟೇ."

"ಹಣೆಗೆ ಯಾಕಮ್ಮ, ಬೆನ್ನಿಗೆ ಇಡೋಣ."

ಅವಳು ಎಂದಿನ ಹಾಗೆ ಹಣೆ ಚಚ್ಚಿಕೊಂಡಳು. ಆಮೇಲೆ ಪೊರಕೆ ತೆಗೆದುಕೊಂಡು ಹೊರಟಳು. ಮಗ ಸೋತರೆ ಆ ಮನೆಯಲ್ಲಿ ಬಾವಲಿ ಜೊತೆ ಮಲಗಬೇಕಾದವಳು ಅವಳೇ ತಾನೆ.

ಅಮಾವಾಸ್ಯೆಯ ದಿನ ಬೆಳಗ್ಗೆ ಶೇಷಪ್ಪ ಜೋಲುಮೋರೆ ಹಾಕಿಕೊಂಡು ದೊರೆಯ ಮುಂದೆ ನಿಂತ.

"ಮಾರಿದೆಯೇನೋ?"

"ಇಲ್ಲ ಪ್ರಭು. ಎಲ್ಲರೂ ಕೆರೆ ಓಣಿಯ ಬಿಳಿಗೋಡೆ ಮನೆ ಹಿಂದೆ ಬಿದ್ದಿದ್ದಾರೆ. ಪಕ್ಕದ ಸೀಮೆಯ ದೊರೆ ಉಂಗುರಾನೇ ಬಿಚ್ಚಿಕೊಡ್ತೀನಿ ಅಂದರಂತೆ."

"ನನ್ನ ಊರಿನ ಮನೆ ಅವನಿಗೋ? ಪಲ್ಲಕ್ಕಿ ತರಿಸು."

"ಪಲ್ಲಕ್ಕಿ ಕಂಡರೆ ಬೆಲೆ ಏರುತ್ತೆ ಪ್ರಭು. ಓಣಿಯಲ್ಲಿ ಅದು ಹಿಡಿಯೋದೂ ಇಲ್ಲ. ಕಂಬಳಿ ಹೊದ್ದು ನಡೆದು ಹೋಗೋಣ."

ದೊರೆ ಹುಟ್ಟಿದಾಗಿನಿಂದ ಕೆರೆ ಓಣಿಗೆ ಕಾಲಿಟ್ಟವನಲ್ಲ. ಊರಿನ ಮನೆಗಳಿಗೆ ಹಿತ್ತಿಲು ಅಂತ ಒಂದು ಇರುತ್ತೆ ಅನ್ನೋದೇ ಅವನಿಗೆ ಸುದ್ದಿ. ನಡೆದು ನಡೆದು ಹಸಿದ. ಆಗ ಕಂಡಿತು, ಹಾಲಿನಂಥ ಬಿಳಿ ಗೋಡೆ. ಸಾರಿಸಿದ ಅಂಗಳ, ರಂಗೋಲಿ, ಬಾಗಿಲಿಗೆ ಮಾವಿನ ತೋರಣ. ಜಗುಲಿಯಲ್ಲಿ ಅಜ್ಜಿಯೊಬ್ಬಳು ಅವರೆಕಾಯಿ ಸುಲಿಯುತ್ತಿದ್ದಳು. ಅವರನ್ನು ಕಂಡವಳೇ ಒಳಗೆದ್ದು ಹೋಗಿ ತುಪ್ಪದಲ್ಲಿ ಇಂಗಿನ ಒಗ್ಗರಣೆ ಚುಂಯ್ ಅನ್ನಿಸಿದಳು.

ದೊರೆ ಕಣ್ಣು ಮುಚ್ಚಿ ಉಸಿರೆಳೆದ. "ಮನೆ ಅಂದರೆ ಇದು ಕಣೋ. ಆ ಬಾವಲಿ ಗೂಡನ್ನು ಯಾರು ಕೇಳ್ತಾರೆ."

"ಅದೇ ಪ್ರಭು," ಎಂದ ಶೇಷಪ್ಪ.

"ಯಾರ ಮನೆಯಮ್ಮ ಇದು?" ಹೊರಗೆ ಬಂದ ಅಜ್ಜಿಯನ್ನು ದೊರೆ ಕೇಳಿದ.

"ಒಡೆಯರು ದೊಡ್ಡವರಪ್ಪ. ಮುಂದಿನಿಂದ ಹಾಗೇ ಹೋಗಿಬಿಡ್ತಾರೆ, ಒಳಗೆ ಬಂದವರಲ್ಲ. ಮಾರೋದಕ್ಕೆ ನಮಗೆ ಹೇಳಿದ್ದಾರೆ."

"ಒಳಗಡೆ ನೋಡಬಹುದೋ?"

"ಆ ನಡುಬಾಗಿಲು ದಾಟಿದರೆ ಮಡಿ. ನೀನು ಓಣಿ ತುಳಿದು ಬಂದವನು. ಕೊಂಡ ಮೇಲೆ ಬಾ."

ಮಡಿ ಅಂದ ಮೇಲೆ ದೊರೆಯಾದರೂ ಹೊಸ್ತಿಲ ಹೊರಗೇ. ಶೇಷಪ್ಪ ನಡುಬಾಗಿಲಿಗೆ ಕಿವಿಗೊಟ್ಟು ನಿಂತ. ಬಾಗಿಲಾಚೆ ಒಂದು ಬಾವಲಿ ಕಿಚ್ ಅಂದರೂ ಅಮ್ಮನ ಗಂಟುಮೂಟೆ ಕಟ್ಟಿದ ಹಾಗೇ. ಪುಣ್ಯಕ್ಕೆ ಅವು ಹಗಲು ಮಲಗುತ್ತವೆ.

ನೆಲ್ಲಿಗಟ್ಟದಲ್ಲಿ ಎಲೆ ಅಡಿಕೆ ಕೈ ಬದಲಾಯಿತೆಂದರೆ ವ್ಯಾಪಾರ ಮುಗಿಯಿತು. ಆಮೇಲೆ ಒಲ್ಲೆ ಅಂದವನ ಮನೆ ಊಟಕ್ಕೆ ಊರವರು ಹೋಗುವ ಹಾಗಿಲ್ಲ. ಈ ಕಟ್ಟಳೆ ಮಾಡಿದವನು ಮಲ್ಲರಾಜನೇ.

ಅವನು ಉಂಗುರ ಬಿಚ್ಚಿ ಅಜ್ಜಿಯ ಕೈಗಿಟ್ಟ. ಅಜ್ಜಿ ಎಲೆ ಅಡಿಕೆ ಕೊಟ್ಟಳು, ಇವನು ಬಾಯಿಗೂ ಹಾಕಿಕೊಂಡ.

"ಇನ್ನು ಮನೆಯೂ ನಿನ್ನದು, ಮಡಿಯೂ ನಿನ್ನದು," ಅಂತ ಗೋದಮ್ಮ ನಡುಬಾಗಿಲು ತೆಗೆದಳು.

ದೊರೆ ಒಳಗೆ ಕಾಲಿಟ್ಟ. ಕತ್ತಲೆ. ತಲೆಯ ಮೇಲೆ ಸಾಲಾಗಿ ತೂಗುತ್ತಿದ್ದ ಗಾಯಕರು. ತಡವರಿಸುತ್ತಾ ಪಡಸಾಲೆ ದಾಟಿ ಮುಂಬಾಗಿಲು ತಳ್ಳಿದ. ಎದುರಿಗೆ ರಾಜಬೀದಿ. ಪಕ್ಕದಲ್ಲಿ ಸೊಂಡಿಲು ಮುರಿದ ಕಲ್ಲಾನೆ.

ದೊರೆ ಬಹಳ ಹೊತ್ತು ಆನೆಯನ್ನು ನೋಡಿದ. ಎಳೆದುಕೊಳ್ಳಲು ಪರದೆ ಇರಲಿಲ್ಲ.

"ಶೇಷಪ್ಪ."

"ಪ್ರಭು."

"ಇದು ನನ್ನ ಮನೆ."

"ಹೌದು ಪ್ರಭು. ಎಲೆ ಅಡಿಕೆ ಇನ್ನೂ ಬಾಯಲ್ಲೇ ಇದೆಯಲ್ಲ."

"ನನ್ನ ಮನೆಯನ್ನು ನನಗೇ ಮಾರಿದೆಯಲ್ಲೋ."

"ಬೇರೆ ಯಾರಿಗಾದರೂ ಮಾರಿದ್ದರೆ ನಾಳೆ ಬಂದು ಮೋಸ ಅಂತಿದ್ದರು ಪ್ರಭು. ಈ ಮನೆಯ ಹುಳುಕೆಲ್ಲ ಮೊದಲೇ ಗೊತ್ತಿರುವ ಗಿರಾಕಿ ಬೇಕಿತ್ತು. ಹುಡುಕಿದೆ. ಊರಲ್ಲಿ ನೀವೊಬ್ಬರೇ ಸಿಕ್ಕಿದ್ದು."

ದೊರೆ ಗಟ್ಟಿಯಾಗಿ ನಕ್ಕ. ಬಾವಲಿಗಳೆಲ್ಲ ಎದ್ದು ಹಾರಿಹೋದವು. ಉಂಗುರ ಒಗ್ಗರಣೆಗೆ ಸಂದಿತು ಅಂತ ಗೋದಮ್ಮನಿಗೇ ಬಿಟ್ಟು, ಜಗುಲಿಯಲ್ಲಿ ಕೂತು ಉಂಡು ಹೋದ.

ದೊರೆ ನಕ್ಕಿದ್ದು ಮಾತ್ರ ನಾನು ಕಟ್ಟಿದ್ದು. ನನಗೆ ಈ ಕತೆ ಹೇಳಿದವರು ಶೇಷಪ್ಪನ ಆ ಕೊನೆ ಮಾತು ಮುಗಿಸುವಷ್ಟರಲ್ಲಿ ಗೊರಕೆ ಹೊಡೆದರು. ದೊರೆ ನಗದೆ ಸಿಟ್ಟಾಗಿದ್ದರೆ ಆ ಮುದುಕಿ ಎಲ್ಲಿಗೆ ಹೋಗಬೇಕು ಹೇಳಿ. ಅದಕ್ಕೇ ನಗಿಸಿದೆ.